ಖಾರವಿಲ್ಲದಿರುವ ಮೂರು ಬಗೆ

ಜಪಾನಿನಲ್ಲಿ ಸಂಜೆ ಹೊತ್ತು ಬಿಯರು, ಸಾಕೆಗಳ ಜೊತೆ ಸಣ್ಣಪುಟ್ಟ ತಿನಿಸು ಕೊಡುವ ಇಜಕಾಯಾಗಳಿಗೆ ಹೋದರೆ, ಬೆರಳುದ್ದದ ಹಸಿ ಮೆಣಸಿನಕಾಯಿಗಳನ್ನು ಕಡ್ಡಿಗೆ ಪೋಣಿಸಿ, ಕೆಂಡದ ಮೇಲೆ ಬಾಡಿಸಿ, ಉಪ್ಪು ಉದುರಿಸಿ ತಂದಿಡುತ್ತಾರೆ. ಇದು ಶಿಶಿತೊ. ತೊಟ್ಟು ಹಿಡಿದು ಬೀಜಸಮೇತ ತಿನ್ನುವ ಕಾಯಿ. ಖಾರ ಇಲ್ಲವೆಂದೇ ತಿನ್ನುವುದು. ಆದರೆ ಹತ್ತು ಕಾಯಿಯಲ್ಲಿ ಒಂದು ಬಾಯಿ ಸುಡುತ್ತದೆ ಎಂಬ ಮಾತೂ ಅಲ್ಲಿ ಬಳಕೆಯಲ್ಲಿದೆ. ಹತ್ತಕ್ಕೊಂದು ಎಂಬುದು ಎಣಿಸಿ ಹೇಳಿದ ಲೆಕ್ಕವಲ್ಲ. ಕಾಲ, ಜಾಗ ನೋಡಿ ಅದು ಏರಿಳಿಯುತ್ತದೆ. ಸ್ಪೇನಿನ ಗಲೀಸಿಯಾದ ಪದ್ರೋನ್ ಮೆಣಸಿನಕಾಯಿಗೂ ಇದೇ ಖ್ಯಾತಿ ಇದೆ. ಬಜ್ಜಿ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡ ನಮ್ಮವರಿಗೂ ಈ ಅನುಭವ ಹೊಸದಲ್ಲ. ಸಾಮಾನ್ಯವಾಗಿ ಇದನ್ನು ಅದೃಷ್ಟದ ಆಟವೆಂದು ನಕ್ಕು ಬಿಟ್ಟುಬಿಡುತ್ತಾರೆ. ಮನೆಯ ಕುಂಡದಲ್ಲಿ ಜಪಾನಿ ತಳಿಗಳನ್ನು ಬೆಳೆಯುವವರು ಹಾಗೆ ಬಿಡಬೇಕಾಗಿಲ್ಲ ಎಂಬುದೇ ಈ ಅಧ್ಯಾಯದ ವಾದ. ಶಿಶಿತೊ ಖಾರವನ್ನು ತಯಾರಿಸುವ ಶಕ್ತಿ ಕಳೆದುಕೊಂಡ ಗಿಡವಲ್ಲ, ಆ ಶಕ್ತಿಯನ್ನು ಅಡಗಿಸಿಟ್ಟುಕೊಂಡ ಗಿಡ. ಎಷ್ಟರಮಟ್ಟಿಗೆ ಅಡಗಿರುತ್ತದೆ ಎಂಬುದು ಒಂದೊಂದು ಕಾಯಿಯಲ್ಲೂ ಹೊಸದಾಗಿ ತೀರ್ಮಾನವಾಗುತ್ತದೆ, ಮತ್ತು ಆ ತೀರ್ಮಾನದಲ್ಲಿ ಬೆಳೆಯುವವರ ಕೈಯೂ ಇದೆ.

ಮೆಣಸಿನಕಾಯಿ ಜಪಾನಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಪೋರ್ಚುಗೀಸರ ಹಡಗಿನಲ್ಲಿ ನೇರವಾಗಿ ಬಂತೋ, ಕೊರಿಯಾದ ಕಡೆಯಿಂದ ಬಂತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮಗೆ ಮುಖ್ಯವಾದದ್ದು ಬಂದ ಮೇಲೆ ಅದು ಹಿಡಿದ ಎರಡು ದಾರಿಗಳು. ಇಂದಿನ ಟೋಕಿಯೊ ಆಗಿರುವ ಎದೊ ನಗರದಲ್ಲಿ ಅದು ಒಣಗಿಸಿ ಪುಡಿಮಾಡುವ ಪದಾರ್ಥವಾಯಿತು. ಏಳು ಸಾಮಗ್ರಿಗಳ ಪುಡಿಯಾದ ಶಿಚಿಮಿಯನ್ನು ಅಲ್ಲಿನ ಯಾಗೆನ್‌ಬೊರಿಯಲ್ಲಿ 1625ರಲ್ಲಿ ಮಾರತೊಡಗಿದರು ಎನ್ನುತ್ತಾರೆ. ಇಂದು ಗಗನಚುಂಬಿಗಳಿರುವ ಶಿಂಜುಕು ಸುತ್ತಮುತ್ತ ಅದಕ್ಕಾಗಿ ಯಾತ್ಸುಫುಸಾ ಬೆಳೆಯುತ್ತಿದ್ದರು. ಕಾಯಿಗಳು ಗೊಂಚಲಾಗಿ ಮುಗಿಲ ಕಡೆ ಮುಖಮಾಡಿ ನಿಲ್ಲುವ ತಳಿ ಅದು. ಇಂದು ಜಪಾನಿನ ಅಡುಗೆಮನೆಗಳಲ್ಲಿ ಒಣಮೆಣಸಿನಕಾಯಿ ಎಂದರೆ ಬಹುಮಟ್ಟಿಗೆ ತಾಕಾನೊತ್ಸುಮೆ: ಚಿಕ್ಕದು, ಮೊನೆ ಬಾಗಿದ್ದು, ಚುರುಕಾದದ್ದು. ಕ್ಯೋಟೊ, ನಾರಾ ಕಡೆಯವರು ಹಿಡಿದದ್ದು ಇನ್ನೊಂದು ದಾರಿ. ಅವರು ಮೆಣಸಿನಕಾಯಿಯನ್ನು ತರಕಾರಿ ಮಾಡಿಕೊಂಡರು. ಕ್ಯೋಟೊದ ದಕ್ಷಿಣಕ್ಕಿರುವ ಫುಶಿಮಿಯ ನೀಳವಾದ ಕಾಯಿ, ಮೈಜುರು ಪಟ್ಟಣದ ಮಂಗಾಂಜಿಯ ದಪ್ಪ ತೊಗಟೆಯ ಉದ್ದ ಕಾಯಿ, ನಾರಾದ ಹಿಮೊ ಎಂಬ ಹುರಿಯಷ್ಟೇ ಸಪೂರದ ಕಾಯಿ, ಇವೆಲ್ಲ ಹಸಿರಾಗಿರುವಾಗಲೇ ಕಿತ್ತು ಹುರಿದು, ಬೇಯಿಸಿ ತಿನ್ನುವಂಥವು. ಮಂಗಾಂಜಿ ಇವುಗಳಲ್ಲಿ ಕಿರಿಯದು, ಇಪ್ಪತ್ತನೆಯ ಶತಮಾನದ ಮೊದಲ ಭಾಗದ್ದು. ಫುಶಿಮಿಗೂ ದೊಣ್ಣೆ ಮೆಣಸಿನಕಾಯಿಗೂ ತಾನಾಗಿ ಬೆರಕೆಯಾಗಿ ಹುಟ್ಟಿತೆಂದು ನಂಬಿಕೆ. ಒಕಿನಾವಾದ್ದು ಬೇರೆಯೇ ಜಾತಿ, ನಮ್ಮ ಸೂಜಿಮೆಣಸಿನ ಬಳಗದ್ದು. ಅಲ್ಲಿ ಅದನ್ನು ಅವಾಮೊರಿ ಎಂಬ ಅಕ್ಕಿಮದ್ಯದಲ್ಲಿ ನೆನೆಹಾಕಿ ಆ ರಸವನ್ನು ಶಾವಿಗೆ ಸಾರಿನ ಮೇಲೆ ಚಿಮುಕಿಸುತ್ತಾರೆ. ಕುಂಡದಲ್ಲಿ ಬೆಳೆಸುವುದಕ್ಕೆ ತಾಕಾನೊತ್ಸುಮೆ ಸುಲಭ, ನಂಬಿಕಸ್ಥ, ಮತ್ತು ಅಷ್ಟೇ ನೀರಸ. ಅದರಿಂದ ಖಾರ ಬಯಸುತ್ತೇವೆ, ಅದು ಕೊಡುತ್ತದೆ. ಕುತೂಹಲ ಇರುವುದು ಖಾರವಿಲ್ಲದ ತಳಿಗಳಲ್ಲೇ.

ಮೊದಲು ಖಾರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಗಟ್ಟಿಮಾಡಿಕೊಳ್ಳಬೇಕು. ಖಾರ ಬೀಜದಲ್ಲಿದೆ ಎಂದು ಅರ್ಧ ಜಗತ್ತು ನಂಬಿದೆ. ಕಾಯಿಯನ್ನು ಸೀಳಿದರೆ ತೊಟ್ಟಿನಿಂದ ಇಳಿದುಬಂದ ಬಿಳಿ ದಿಂಡು ಕಾಣುತ್ತದೆ, ಬೀಜಗಳು ಅಂಟಿಕೊಂಡಿರುವುದು ಅದಕ್ಕೆ. ಸಸ್ಯವಿಜ್ಞಾನದವರು ಅದನ್ನು ಜರಾಯು ಎನ್ನುತ್ತಾರೆ. ಕ್ಯಾಪ್ಸೈಸಿನ್ ಮತ್ತು ಅದರ ಸೋದರ ರಾಸಾಯನಿಕಗಳು ತಯಾರಾಗುವುದು ಈ ದಿಂಡಿನ ಮತ್ತು ಅದರಿಂದ ಚಾಚಿಕೊಂಡ ಪೊರೆಗಳ ಹೊರಪದರದ ಜೀವಕೋಶಗಳಲ್ಲಿ. ಬೀಜಕ್ಕೆ ಹತ್ತುವ ಖಾರ ಪಕ್ಕದ ಮನೆಯದು. ತಯಾರಿಕೆಯ ಬಗೆ ಬಹುಮಟ್ಟಿಗೆ ಗೊತ್ತಾಗಿದೆ. ಕ್ಯೋಟೊ ವಿಶ್ವವಿದ್ಯಾಲಯದ ಕಜುವೊ ಇವಾಯ್ ಮತ್ತು ಅವರ ಸಹೋದ್ಯೋಗಿಗಳು ಕಳೆದ ಶತಮಾನದ ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಈ ಕೆಲಸಕ್ಕೆ ದೊಡ್ಡ ತಳಪಾಯ ಹಾಕಿದರು. ಎರಡು ಸಾಲುಗಳು ಬಂದು ಕೂಡುತ್ತವೆ. ಫೀನೈಲ್‌ಅಲನೀನ್ ಎಂಬ ಅಮೈನೊ ಆಮ್ಲದಿಂದ ಹೊರಟ ಒಂದು ಸಾಲು ವೆನಿಲಿನ್ ಹಂತ ದಾಟಿ ವೆನಿಲೈಲ್‌ಅಮೈನ್ ಆಗುತ್ತದೆ. ಹೌದು, ಐಸ್‌ಕ್ರೀಮಿಗೆ ಪರಿಮಳ ಕೊಡುವ ಅದೇ ವೆನಿಲಿನ್. ಇನ್ನೊಂದು ಸಾಲು ವ್ಯಾಲಿನ್ ಎಂಬ ಅಮೈನೊ ಆಮ್ಲದಿಂದ ಹೊರಟು ಕವಲುಳ್ಳ ಕೊಬ್ಬಿನಾಮ್ಲವಾಗುತ್ತದೆ. ಕೊನೆಯಲ್ಲಿ ಒಂದು ಕಿಣ್ವ ಎರಡನ್ನೂ ಬೆಸೆದರೆ ಕ್ಯಾಪ್ಸೈಸಿನ್. ಹೂ ಅರಳಿ ಸುಮಾರು ಮೂರು ವಾರದ ಹೊತ್ತಿಗೆ ಇದು ಕಾಯಿಯಲ್ಲಿ ಕೂಡತೊಡಗಿ, ಮುಂದಿನ ಎರಡು ಮೂರು ವಾರ ಏರುತ್ತಾ ಹೋಗುತ್ತದೆ. ಈ ಕಾಲಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಕಾಯಿ ಕೀಳುವ ಮಾತು ಬಂದಾಗ ಬೇಕಾಗುತ್ತದೆ.

ಹೀಗೆ ಹಲವು ಮೆಟ್ಟಿಲುಗಳ ದಾರಿಯಾದ್ದರಿಂದ ಖಾರವಿಲ್ಲದಿರುವುದಕ್ಕೂ ಹಲವು ದಾರಿಗಳಿವೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಕೊನೆಯ ಬೆಸುಗೆಯ ಕಿಣ್ವಕ್ಕೆ ಬೇಕಾದ ಪನ್1 ಎಂಬ ಜೀನಿನ ಒಂದು ದೊಡ್ಡ ತುಂಡೇ ಬಿದ್ದುಹೋಗಿದೆ. 2005ರಲ್ಲಿ ಇದು ಖಚಿತವಾಯಿತು. ನಾರಾದ ಹಿಮೊದಲ್ಲಿ ಪನ್1 ಸರಿಯಾಗಿಯೇ ಇದೆ, ಕೆಟ್ಟಿರುವುದು ಅದಕ್ಕಿಂತ ಒಂದು ಹಂತ ಹಿಂದೆ, ವೆನಿಲಿನ್ನನ್ನು ವೆನಿಲೈಲ್‌ಅಮೈನ್ ಮಾಡುವ ಕಿಣ್ವ. ಆಗ ವೆನಿಲೈಲ್ ಆಲ್ಕೊಹಾಲ್ ಎಂಬ ಬದಲಿ ಸರಕು ಮುಂದಕ್ಕೆ ಹೋಗಿ, ಕ್ಯಾಪ್ಸೈಸಿನ್ ಬದಲು ಕ್ಯಾಪ್ಸಿಯೇಟ್ ತಯಾರಾಗುತ್ತದೆ. ರಚನೆಯಲ್ಲಿ ಎರಡೂ ಅವಳಿಗಳಂತಿದ್ದರೂ ಕ್ಯಾಪ್ಸಿಯೇಟಿನ ಖಾರ ಸಾವಿರದಲ್ಲೊಂದು ಪಾಲಿನಷ್ಟು. ಕ್ಯೋಟೊದ ಸಂಶೋಧಕರು ಥಾಯ್ಲೆಂಡಿನ ಖಾರದ ತಳಿಯೊಂದರಿಂದ ಆಯ್ದು ಸ್ಥಿರಗೊಳಿಸಿದ ಸಿಎಚ್-19 ಸ್ವೀಟ್ ತಳಿಯಲ್ಲಿ ಈ ವಸ್ತು ಮೊದಲು ಗುರುತಾಯಿತು. ಶಿಶಿತೊ ಈ ಎರಡಕ್ಕೂ ಸೇರುವುದಿಲ್ಲ. ಅದರಲ್ಲಿ ಎರಡೂ ಕಿಣ್ವಗಳ ಜೀನುಗಳು ಕೆಲಸಕ್ಕೆ ಬರುವಂತೆಯೇ ಇವೆ, ಆದರೆ ತಗ್ಗಿದ ದನಿಯಲ್ಲಿ ನಡೆಯುತ್ತವೆ. ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ದೊಣ್ಣೆ ಮೆಣಸಿನಕಾಯಿಯ ಮನೆಯಲ್ಲಿ ಒಲೆಯೇ ಒಡೆದಿದೆ, ಹಿಮೊದ ಮನೆಯಲ್ಲಿ ಒಲೆ ಉರಿಯುತ್ತಿದೆ ಆದರೆ ಪಾತ್ರೆಗೆ ಬಿದ್ದ ಬೇಳೆ ಬೇರೆ, ಶಿಶಿತೊದ ಮನೆಯಲ್ಲಿ ಒಲೆ, ಬೇಳೆ ಎರಡೂ ಸರಿಯಿದ್ದು ಉರಿಯನ್ನು ಸಣ್ಣಗೆ ಇಟ್ಟಿದ್ದಾರೆ. 2023ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನ ಶಿಶಿತೊದ ಸೌಮ್ಯತೆಗೆ ಕಾರಣವಾದ ಎರಡು ತಾಣಗಳನ್ನು ಅದರ ವರ್ಣತಂತುಗಳಲ್ಲಿ ಗುರುತಿಸಿತು. ಅದು ಒಂದೇ ಜೀನಿನ ಸೋಲಲ್ಲ ಎಂಬುದು ಅಲ್ಲಿಗೆ ಇನ್ನಷ್ಟು ಸ್ಪಷ್ಟವಾಯಿತು.

ಇಲ್ಲಿ ಮನೆತೋಟದವರ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ: ಇಷ್ಟೆಲ್ಲ ಯಾಕೆ, ಪಕ್ಕದ ಕುಂಡದಲ್ಲಿ ತಾಕಾನೊತ್ಸುಮೆ ಇತ್ತು, ದುಂಬಿ ಅದರ ಪರಾಗ ತಂದು ಹಾಕಿತು, ಶಿಶಿತೊ ಖಾರವಾಯಿತು. ಜಪಾನಿನ ಮನೆತೋಟದವರಲ್ಲಿ ಈ ನಂಬಿಕೆ ಎಷ್ಟು ಬಲವೋ ನಮ್ಮ ತಾರಸಿ ತೋಟದವರಲ್ಲೂ ಅಷ್ಟೇ ಬಲ. ಆದರೆ ದಿಂಡು ತಾಯಿಗಿಡದ ಅಂಗ. ಹೂವಿನ ಅಂಡಾಶಯವೇ ಬೆಳೆದು ಕಾಯಿಯಾಗುತ್ತದೆ. ತೊಗಟೆ, ಪೊರೆ, ದಿಂಡು ಎಲ್ಲದರ ಜೀವಕೋಶಗಳಲ್ಲೂ ಇರುವುದು ತಾಯಿಯ ಜೀನುಗಳು ಮಾತ್ರ. ಪರಾಗದ ಪಾಲು ಬೀಜದೊಳಗಿನ ಮುಂದಿನ ಪೀಳಿಗೆಗೆ. ಖಾರ ತಯಾರಾಗುವುದು ದಿಂಡಿನಲ್ಲಿ ಎಂದ ಮೇಲೆ ಈ ವರ್ಷದ ಕಾಯಿಗೆ ತಂದೆ ಯಾರಾದರೇನು? ಬೆರಕೆಯ ಫಲ ಕಾಣಬೇಕಾದರೆ ಆ ಬೀಜವನ್ನು ಬಿತ್ತಿ ಗಿಡ ಮಾಡಬೇಕು. ಬಿತ್ತಿದ ಬೀಜವೇ ಬೆರಕೆಯದಾಗಿತ್ತು ಎನ್ನಬಹುದು. ಆಗ ಆ ಗಿಡದ ಎಲ್ಲ ಕಾಯಿಗಳಲ್ಲೂ ಅದು ಕಾಣಬೇಕಿತ್ತು. ಶಿಶಿತೊದಲ್ಲಿ ಆಗುವುದು ಹಾಗಲ್ಲ: ಒಂದೇ ಗಿಡದಲ್ಲಿ, ಒಂದೇ ಕೊಂಬೆಯಲ್ಲಿ, ಅಕ್ಕಪಕ್ಕದ ಎರಡು ಕಾಯಿಗಳಲ್ಲಿ ಒಂದು ಸಪ್ಪೆ, ಇನ್ನೊಂದು ಖಾರ. ಜೀನುಗಳು ಒಂದೇ ಆಗಿರುವಾಗ ವ್ಯತ್ಯಾಸವನ್ನು ಬೇರೆ ಕಡೆ ಹುಡುಕಬೇಕು.

ಹುಡುಕಿದವರಿಗೆ ಅದು ಸಿಕ್ಕಿದ್ದು, ಖಾರದ ಮನೆಯೆಂದು ಜನ ತಪ್ಪಾಗಿ ನಂಬಿದ್ದ ಬೀಜಗಳಲ್ಲೇ, ಆದರೆ ಉಲ್ಟಾ ಅರ್ಥದಲ್ಲಿ. ಬೀಜ ಕಡಿಮೆ ಇದ್ದಷ್ಟೂ ಶಿಶಿತೊ ಖಾರವಾಗುವ ಸಂಭವ ಹೆಚ್ಚು. 2004ರಲ್ಲಿ ಹಾರ್ಟ್‌ಸೈನ್ಸ್ ಪತ್ರಿಕೆಯಲ್ಲಿ ಜಪಾನಿನ ಸಂಶೋಧಕರು ಬೀಜವಿಲ್ಲದ ಶಿಶಿತೊ ಕಾಯಿಗಳಲ್ಲಿ ಬೀಟಾ ಕ್ಯಾರೋಟಿನ್ ಕೂಡ, ಖಾರದ ರಾಸಾಯನಿಕಗಳು ಕೂಡ ಹೆಚ್ಚಾಗಿರುವುದನ್ನು ವರದಿ ಮಾಡಿದರು. 2021ರಲ್ಲಿ ಇನ್ನೊಂದು ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಪರಾಗಸ್ಪರ್ಶವಿಲ್ಲದೆ ಕಟ್ಟಿದ ಕಾಯಿಗಳಲ್ಲಿ ಖಾರ ಏರುಪೇರಾಗುವುದಷ್ಟೇ ಅಲ್ಲ, ಖಾರ ತಯಾರಿಸುವ ಜೀನುಗಳ ಚಟುವಟಿಕೆಯೂ ಅದರ ಜೊತೆಗೇ ಏರುವುದನ್ನು ಅವರು ತೋರಿಸಿದರು. ಇದೇ ನಮ್ಮ ವಾದದ ನಡುಗಂಬ. ಒಡೆದ ಜೀನು ಬೀಜ ಕಡಿಮೆಯಾಯಿತೆಂದು ಕೂಡಿಕೊಳ್ಳುವುದಿಲ್ಲ. ಹಾಗಾಗಿ ದೊಣ್ಣೆ ಮೆಣಸಿನಕಾಯಿಯಲ್ಲಿ ಬೀಜವಿರಲಿ, ಬಿಡಲಿ, ಖಾರ ಬರುವುದಿಲ್ಲ. ಅಡಗಿರುವ ಜೀನು ಮಾತ್ರ ಸಂದರ್ಭ ನೋಡಿ ತಲೆಯೆತ್ತಬಲ್ಲದು.

ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲವಲ್ಲ? ಇದು ಗಟ್ಟಿಯಾದ ಆಕ್ಷೇಪ. ಬೇಸಿಗೆಯ ಬಿಸಿಯೇ ಒಂದು ಕಡೆ ಪರಾಗವನ್ನು ಕೆಡಿಸಿ ಬೀಜ ಕಡಿಮೆ ಮಾಡುತ್ತಿರಬಹುದು, ಇನ್ನೊಂದು ಕಡೆ ಗಿಡವನ್ನು ಬಳಲಿಸಿ ಖಾರ ಹೆಚ್ಚಿಸುತ್ತಿರಬಹುದು. ಬಿಸಿಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಸಿಲು, ನೀರು, ಗೊಬ್ಬರಗಳು ಇಡೀ ಗಿಡಕ್ಕೆ ಒಂದೇ. ಅಕ್ಕಪಕ್ಕದ ಎರಡು ಕಾಯಿಗಳ ನಡುವಿನ ವ್ಯತ್ಯಾಸವನ್ನು ಅವು ಒಂಟಿಯಾಗಿ ವಿವರಿಸಲಾರವು. ಒಂದೊಂದು ಹೂವಿಗೂ ಬೇರೆಯಾಗಬಲ್ಲದ್ದು ಅದಕ್ಕೆ ಎಷ್ಟು ಒಳ್ಳೆಯ ಪರಾಗ ಬಿತ್ತು, ಎಷ್ಟು ಅಂಡಕಗಳು ಬೀಜವಾದವು ಎಂಬುದು. ಬೀಜಗಳು ಇಲ್ಲದಿರುವುದು ದಿಂಡಿಗೆ ಯಾವ ಸೂಚನೆ ಕೊಡುತ್ತದೆ ಎಂಬಲ್ಲಿ ಮಾತ್ರ ಊಹೆಗಳಿವೆ. ಫೀನೈಲ್‌ಅಲನೀನಿನಿಂದಲೇ ಲಿಗ್ನಿನ್ ಎಂಬ ಗಟ್ಟಿ ವಸ್ತುವೂ ತಯಾರಾಗುತ್ತದೆ, ಬೀಜದ ಸಿಪ್ಪೆಗೆ ಅದು ಬೇಕು. ಬೀಜವಿಲ್ಲದಿದ್ದರೆ ಆ ಸರಕು ಖಾರದ ಕಡೆಗೆ ಉಳಿಯುತ್ತದೆ ಎಂಬುದು ಒಂದು ಆಕರ್ಷಕ ಊಹೆ. ಬರೀ ಸರಕಿನ ಲೆಕ್ಕವಾಗಿದ್ದರೆ ಜೀನುಗಳ ಚಟುವಟಿಕೆ ಏರಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಉಳಿಯುವುದರಿಂದ ನನಗದು ಅರ್ಧ ಉತ್ತರವೆನಿಸುತ್ತದೆ. ನೀರಿನ ಕೊರತೆಯಿಂದ ಖಾರ ಬರುತ್ತದೆ ಎಂಬ ಜನಪ್ರಿಯ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ: ಪದ್ರೋನ್ ಸೇರಿದಂತೆ ಹಲವು ತಳಿಗಳಲ್ಲಿ ಬಾಯಾರಿದ ಗಿಡದ ಕಾಯಿ ಹೆಚ್ಚು ಖಾರವಾದದ್ದು ಅಳತೆಗೆ ಸಿಕ್ಕಿದೆ, ಆದರೆ ಎಲ್ಲ ತಳಿಗಳೂ ಒಂದೇ ರೀತಿ ವರ್ತಿಸಿಲ್ಲ.

ಈಗ ಕುಂಡದ ಬಳಿಗೆ ಬರೋಣ. ಟೋಕಿಯೊ ಸುತ್ತಿನ ಕಾಂತೊ ಬಯಲಿನಲ್ಲಿ ಫೆಬ್ರುವರಿ, ಮಾರ್ಚಿನಲ್ಲಿ ಮನೆಯೊಳಗೆ ಬೀಜ ಹಾಕುತ್ತಾರೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಮೊಳಕೆ ಚೆನ್ನಾಗಿ ಬರುತ್ತದೆ, ತಣ್ಣಗಿದ್ದರೆ ಬೀಜ ಸುಮ್ಮನೆ ಮಲಗಿರುತ್ತದೆ. ಬಹುಪಾಲು ಮನೆಯವರು ಈ ರಗಳೆಯೇ ಬೇಡವೆಂದು ಮೇ ಮೊದಲ ವಾರದ ರಜೆಗಳಲ್ಲಿ ಸಸಿ ಕೊಂಡು ನೆಡುತ್ತಾರೆ. ಒಂದು ಗಿಡಕ್ಕೆ ಕನಿಷ್ಠ ಹತ್ತು ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕು, ಏಕೆಂದರೆ ಬೇರು ಆಳಕ್ಕಿಳಿಯದೆ ಮೇಲುಮೇಲೆ ಹರಡುತ್ತದೆ. ಗಿಡ ಒಂದೇ ಕಾಂಡವಾಗಿ ಏರಿ, ಮೊದಲ ಹೂ ಬಿಡುವ ಕಡೆ ಕವಲೊಡೆಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಕವಲಿಗೂ ಹೂ. ಆ ಮೊದಲ ಕವಲಿನ ಕೆಳಗಿನ ಚಿಗುರುಗಳನ್ನೆಲ್ಲ ಚಿವುಟಿ, ಮೂರು ಗಟ್ಟಿ ಕೊಂಬೆಗಳನ್ನು ಮಾತ್ರ ಉಳಿಸಿ ಕಡ್ಡಿಗೆ ಕಟ್ಟುವುದು ಜಪಾನಿನವರ ರೂಢಿ. ಇದನ್ನು ಅಚ್ಚುಕಟ್ಟಿನ ವ್ಯಾಮೋಹ ಎಂದುಕೊಳ್ಳಬಾರದು. ಗಾಳಿ, ಬೆಳಕು ಆಡುವ ಗಿಡದಲ್ಲಿ ಹೂವಿನ ಪರಾಗ ಒಣಗಿ ಹಗುರಾಗಿ ಉದುರುತ್ತದೆ, ದುಂಬಿಗೆ ದಾರಿಯೂ ಸಿಗುತ್ತದೆ. ಮೊದಲ ಕೆಲವು ಕಾಯಿಗಳನ್ನು ಎಳೆಯದಾಗಿರುವಾಗಲೇ ಕಿತ್ತುಬಿಡುವುದು, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಗೊಬ್ಬರ ಕೊಡುವುದು, ಬೇರಿನ ಮೇಲೆ ಹುಲ್ಲಿನ ಹೊದಿಕೆ ಹಾಕುವುದು, ಇವೆಲ್ಲ ಗಿಡ ಸೊರಗಿ ಬಡಹೂ ಬಿಡದಂತೆ ನೋಡಿಕೊಳ್ಳುವ ಕ್ರಮಗಳೇ. ನುಸಿ ಹತ್ತಿ ಎಲೆ ಮುಟುರಿಕೊಂಡ ಗಿಡದಿಂದ ಒಳ್ಳೆಯ ಹೂವನ್ನು ನಿರೀಕ್ಷಿಸುವಂತಿಲ್ಲ.

ಜೂನಿನ ಜಡಿಮಳೆ ಮುಗಿದು ಜುಲೈ ಉತ್ತರಾರ್ಧದಿಂದ ಆಗಸ್ಟಿನವರೆಗೆ ಬರುವ ಧಗೆಯಲ್ಲೇ ಖಾರದ ಶಿಶಿತೊಗಳ ದೂರು ಹೆಚ್ಚು. ಪರಾಗಕ್ಕೆ ಅತಿ ಸೂಕ್ಷ್ಮವಾದ ಕಾಲ ಹೂ ಅರಳುವ ದಿನವಲ್ಲ, ಅದಕ್ಕೆ ಮುಂಚಿನ ಒಂದೆರಡು ವಾರ, ಮೊಗ್ಗಿನೊಳಗೆ ಅದು ರೂಪುಗೊಳ್ಳುತ್ತಿರುವಾಗ. ಹೂ ಅರಳಿದ ಮೇಲೆ ಕಾಯಿ ಕೀಳುವ ಹದಕ್ಕೆ ಬರಲು ಇನ್ನೂ ಮೂರು ವಾರದ ಹತ್ತಿರ. ಎಂದರೆ ಇಂದು ಬಾಯಿ ಸುಟ್ಟ ಕಾಯಿಯ ಹಣೆಬರಹದ ದೊಡ್ಡ ಭಾಗ ಸುಮಾರು ಒಂದು ತಿಂಗಳ ಹಿಂದೆಯೇ ಬರೆದಾಗಿತ್ತು. ನಿನ್ನೆ ನೀರು ಹಾಕಲು ಮರೆತದ್ದನ್ನು ನೆನೆದು ಕೊರಗಿ ಫಲವಿಲ್ಲ. ಧಗೆ ಬರುವ ಮುಂಚೆಯೇ ಮಧ್ಯಾಹ್ನದ ಹೊತ್ತಿಗೆ ತೆಳುವಾದ ನೆರಳುಬಲೆ ಕಟ್ಟಿ, ಕಾಂಕ್ರೀಟ್ ನೆಲದಿಂದ ಕುಂಡವನ್ನು ಎತ್ತಿ ಇಟ್ಟರೆ ಉಪಯೋಗವುಂಟು. ಬಾಲ್ಕನಿಯ ಎತ್ತರಕ್ಕೆ ದುಂಬಿ ಬಾರದಿದ್ದರೆ ಬೆಳಗ್ಗೆ ಕೊಂಬೆಗಳನ್ನು ಬೆರಳಿಂದ ಮೆಲ್ಲಗೆ ತಟ್ಟಿದರೆ ಸಾಕು, ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಪರಾಗ ತಲುಪುತ್ತದೆ. ಇನ್ನು ಕೀಳುವ ಹೊತ್ತು. ಖಾರ ಕೂಡತೊಡಗುವುದು ಮೂರನೆಯ ವಾರದ ಸುಮಾರಿಗೆ ಎಂದ ಮೇಲೆ, ಬೆರಳುದ್ದವಾದೊಡನೆ ಕಿತ್ತ ಕಾಯಿಯಲ್ಲಿ, ಬೀಜ ಕಡಿಮೆ ಇದ್ದರೂ, ಖಾರಕ್ಕೆ ಸಮಯವೇ ಸಿಕ್ಕಿರುವುದಿಲ್ಲ. ಬೀಜ ಕಟ್ಟದ ಕಾಯಿ ಎಷ್ಟೋ ಸಲ ಗಿಡ್ಡವಾಗಿ, ಸೊಟ್ಟಗೆ ಬೆಳೆಯುವುದುಂಟು, ಆದರೆ ಹೊರಗಿನ ಆಕಾರ ನೋಡಿ ಒಳಗಿನ ಖಾರ ಹೇಳುವ ಜಾಣರನ್ನು ನಂಬಬೇಡಿ. ಉದ್ದಕ್ಕೆ ಸೀಳಿ ಬೀಜ ನೋಡುವುದು ಅದಕ್ಕಿಂತ ಭರವಸೆಯ ದಾರಿ.

ಇಷ್ಟು ಕಷ್ಟಪಡುವ ಬದಲು ಖಾರವೇ ಬಾರದ ತಳಿ ಮಾಡಬಾರದೇ ಎಂದು ಕೇಳುವವರಿಗೆ ಕ್ಯೋಟೊ ಉತ್ತರ ಕೊಟ್ಟಾಗಿದೆ. ಮಂಗಾಂಜಿಯಲ್ಲೂ ಆಗಾಗ ಖಾರದ ಕಾಯಿ ಬರುತ್ತಿದ್ದದ್ದು ಮಾರುಕಟ್ಟೆಗೆ ತಲೆನೋವಾಗಿತ್ತು. ಅಲ್ಲಿನ ಪ್ರಾಂತೀಯ ಸರ್ಕಾರದ ತಳಿವಿಜ್ಞಾನಿಗಳು ದೊಣ್ಣೆ ಮೆಣಸಿನಕಾಯಿಯ ಒಡೆದ ಪನ್1 ಜೀನನ್ನು ಡಿಎನ್‌ಎ ಗುರುತಿನ ನೆರವಿನಿಂದ ಮಂಗಾಂಜಿಗೆ ತಂದು, ಕ್ಯೋಟೊ ಮಂಗಾಂಜಿ 1 ಎಂಬ ಖಾರ ಬಾರದ ತಳಿ ರೂಪಿಸಿದರು. ಒಳ್ಳೆಯ ಕೆಲಸ, ಮತ್ತು ನಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿ: ಅಡಗಿದ್ದನ್ನು ಒಡೆದದ್ದರಿಂದ ಬದಲಿಸಿದೊಡನೆ ಏರುಪೇರು ನಿಂತಿತು. ಪೆಟ್ಟಿಗೆಗಟ್ಟಲೆ ಮಾರುವ ರೈತರಿಗೆ ಇದು ಬೇಕೇಬೇಕು. ನಾಲ್ಕು ಕುಂಡದ ಮನೆಯವರಿಗೆ ಆ ಭದ್ರತೆ ಅಷ್ಟು ಅಗತ್ಯವೆಂದು ನನಗನ್ನಿಸುವುದಿಲ್ಲ. ತೆಳು ತೊಗಟೆ, ಸುಟ್ಟಾಗ ಬರುವ ಎಳೆಹಸಿರಿನ ಘಮ, ಇವು ಶಿಶಿತೊದ ಸ್ವಂತ ಆಸ್ತಿ. ಅಪರೂಪಕ್ಕೊಂದು ಖಾರದ ಕಾಯಿ ಅದಕ್ಕೆ ತೆರುವ ಸಣ್ಣ ಬಾಡಿಗೆ.

ಬೀಜ ಉಳಿಸಿಕೊಳ್ಳಲು ಹೊರಟವರು ಮಾತ್ರ ಮೂರು ಬಗೆಗಳ ವ್ಯತ್ಯಾಸವನ್ನು ಮರೆಯುವಂತಿಲ್ಲ. ತಾಕಾನೊತ್ಸುಮೆಯ ಪಕ್ಕದಲ್ಲಿ ಬೆಳೆದ ಶಿಶಿತೊದ ಬೀಜದಿಂದ ಖಾರದ ಗಿಡ ಹುಟ್ಟಿದರೆ ಯಾರಿಗೂ ಅಚ್ಚರಿಯಿಲ್ಲ. ಅಚ್ಚರಿ ಇರುವುದು ಹಿಮೊ ಮತ್ತು ದೊಣ್ಣೆ ಮೆಣಸಿನಕಾಯಿಯನ್ನು ಅಕ್ಕಪಕ್ಕ ಇಟ್ಟಾಗ. ಎರಡೂ ಸಪ್ಪೆ. ಆದರೆ ಒಂದರಲ್ಲಿ ಕೆಟ್ಟಿರುವ ಜೀನು ಇನ್ನೊಂದರಲ್ಲಿ ಸರಿಯಿದೆ. ಎರಡರ ಬೆರಕೆಯಿಂದ ಹುಟ್ಟಿದ ಗಿಡಕ್ಕೆ ಹಿಮೊದಿಂದ ಒಳ್ಳೆಯ ಪನ್1, ದೊಣ್ಣೆ ಮೆಣಸಿನಕಾಯಿಯಿಂದ ಒಳ್ಳೆಯ ಇನ್ನೊಂದು ಕಿಣ್ವ ಸಿಗುವುದರಿಂದ ತಯಾರಿಕೆಯ ಸಾಲು ಮತ್ತೆ ಪೂರ್ತಿಯಾಗುತ್ತದೆ. ಸಪ್ಪೆ ತಂದೆತಾಯಿಗೆ ಖಾರದ ಮಗು. ದುಂಬಿಗಳು ಮೆಣಸಿನ ಹೂಗಳಲ್ಲಿ ಸಾಕಷ್ಟು ಬೆರಕೆ ಮಾಡುತ್ತವೆ. ಆದ್ದರಿಂದ ಬೀಜಕ್ಕೆಂದು ಆರಿಸಿಕೊಂಡ ಮೊಗ್ಗುಗಳಿಗೆ ಅರಳುವ ಹಿಂದಿನ ದಿನವೇ ತೆಳುಬಟ್ಟೆಯ ಚೀಲ ಕಟ್ಟಿ, ಬೆಳಗ್ಗೆ ಕೊಂಬೆ ತಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೊಂದು ಬಣ್ಣದ ದಾರ ಕಟ್ಟಬೇಕು. ದಾರ ಕಟ್ಟಿದ ಕಾಯಿಗಳನ್ನು ಹಸಿರಾಗಿರುವಾಗ ಕೀಳದೆ, ಗಿಡದಲ್ಲೇ ಪೂರ್ತಿ ಕೆಂಪಾಗಲು ಬಿಡಬೇಕು.